ನೆರೆ ಸಂತ್ರಸ್ತರಿಗೆ ಕೌದಿ: ದಪ್ಪ ಬೇಡ, ನಾಲ್ಕು ಪದರ ಸಾಕು

ಹಳೆ ಬಟ್ಟೆಯ ಪದರಗಳನ್ನು ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆಯೇ ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಒಳ್ಳೆಯ ಕೌದಿ ಎಂದರೆ ಆರೆಂಟು ಪದರದ್ದು, ಹೊದ್ದರೆ ಮೈಮೇಲೆ ಭಾರ ಬೀಳುವಂಥದ್ದು. ನೆರೆಯಲ್ಲಿ ಮನೆ ಬಿಟ್ಟವರು ತಂಗುವ ಕಾಳಜಿ ಕೇಂದ್ರಕ್ಕೆ ಕೊಡುವ ಕೌದಿಗೆ ಈ ಲೆಕ್ಕ ಹೊಂದುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗು, ಮರುವರ್ಷ ಅದೇ ತಿಂಗಳು ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ಊರುಗಳು, 2024ರ ಜುಲೈ ಕೊನೆಗೆ ಗಡಿಯಾಚೆಯ ವಯನಾಡು: ಜನ ಮನೆ ಬಿಟ್ಟು ಶಾಲೆ, ಕಲ್ಯಾಣ ಮಂಟಪ ಸೇರಿದ್ದೆಲ್ಲ ಮಳೆಗಾಲದಲ್ಲೇ. ಆಗ ಬಿಸಿಲೂ ಇರುವುದಿಲ್ಲ, ಒಣಹಾಕಲು ಜಾಗವೂ ಇರುವುದಿಲ್ಲ. ಎಂಟು ಪದರದ ಕೌದಿ ಒಮ್ಮೆ ನೆನೆದರೆ ಮೇಲೆ ಆರಿದಂತೆ ಕಂಡರೂ ಒಳಪದರ ಬೂಸ್ಟು ಹಿಡಿದು ನಾರುತ್ತದೆ. ಅದಕ್ಕೇ ನಾಲ್ಕು ಪದರ ಸಾಕು ಎನ್ನುವುದು. ನಡುವೆ ಅರಳೆ, ಹಳೆ ಸ್ವೆಟರ್, ಟವೆಲ್ ಏನನ್ನೂ ತುಂಬಬೇಡಿ.

ಹೊಲಿಯಲು ಸರಿಯಾದ ಕಾಲ ಫೆಬ್ರುವರಿಯಿಂದ ಮೇ. ನೆರೆ ಬಂದ ಮೇಲೆ ಸೂಜಿ ಹಿಡಿದರೆ ಕೌದಿ ಮುಗಿಯುವ ಹೊತ್ತಿಗೆ ಜನ ಕೇಂದ್ರ ಬಿಟ್ಟಿರುತ್ತಾರೆ.

ಬಟ್ಟೆ ಆರಿಸುವುದು

ಒಂದು ಕೌದಿಗೆ ಮೂರು ಹಳೆಯ ಹತ್ತಿ ಸೀರೆ ಬೇಕು. ಪಾಲಿಯೆಸ್ಟರ್ ಸೀರೆ ಬೇಗ ಒಣಗುತ್ತದೆ ನಿಜ, ಆದರೆ ಬೆವರು ಹೀರುವುದಿಲ್ಲ, ಒಲೆಯ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಹತ್ತಿಯ ಜೊತೆ ಬೆರೆಸಿದರೆ ಇನ್ನೊಂದು ತೊಂದರೆ: ಒಗೆದಾಗ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ, ಕೌದಿ ಉಬ್ಬುತಗ್ಗಾಗುತ್ತದೆ. ಹೊಸ ಬಟ್ಟೆ ಸೇರಿಸುವುದಾದರೆ ಮೊದಲು ಒಮ್ಮೆ ನೆನೆಸಿ, ಒಣಗಿಸಿ ಕುಗ್ಗಿಸಿಕೊಳ್ಳಿ.

ಸೀರೆಗಳನ್ನು ಬಿಸಿನೀರಿನಲ್ಲಿ ಒಗೆದು ಗಂಜಿ ಪೂರ್ತಿ ಬಿಡಿಸಬೇಕು. ಗಂಜಿ ಉಳಿದರೆ ಜಿರಳೆ, ಬೂಸ್ಟು ಎರಡನ್ನೂ ಕರೆದಂತೆ. ಒದ್ದೆ ಸೀರೆಯ ಮೇಲೆ ಬಿಳಿ ಬಟ್ಟೆ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಆ ಸೀರೆಯನ್ನು ಕೈಬಿಡಿ. ಒಣಗಿದ ಮೇಲೆ ಎರಡೂ ಹೆಬ್ಬೆರಳು ಒತ್ತಿಟ್ಟು ಬಟ್ಟೆಯನ್ನು ಜಗ್ಗಿ. ಸ್ವಲ್ಪ ಸಡಿಲಾದರೆ ಒಳಪದರಕ್ಕೆ ಇರಲಿ, ಹರಿದರೆ ಯಾವುದಕ್ಕೂ ಬೇಡ. ಜರಿಯಂಚು ಚುಚ್ಚುತ್ತದೆ, ಕತ್ತರಿಸಿ ತೆಗೆಯಿರಿ.

ಕತ್ತರಿಸುವ ಲೆಕ್ಕ

ಸೀರೆಯ ಉದ್ದ ಐದೂವರೆ ಮೀಟರ್, ಅಂದರೆ ಸುಮಾರು 18 ಅಡಿ. ಅಗಲ ಹೆಚ್ಚುಕಡಿಮೆ 45 ಇಂಚು. ಪ್ರತಿ ಸೀರೆಯನ್ನು 64 ಇಂಚಿನ ಮೂರು ತುಂಡು ಮಾಡಿ. ಎರಡು ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ಜೋಡಿಸಿದರೆ 64 ಇಂಚು ಅಗಲ, 89 ಇಂಚು ಉದ್ದದ ಒಂದು ಪದರ. ನಾಲ್ಕು ಪದರಕ್ಕೆ ಎಂಟು ತುಂಡು ಹೋಗಿ ಒಂಬತ್ತನೆಯದು ತೇಪೆಗೆ ಉಳಿಯುತ್ತದೆ. ಅಂಚು ಮಡಚಿ, ಹೊಲಿಗೆ ಎಳೆದುಕೊಂಡ ಮೇಲೆ ಕೌದಿ ಏಳು ಅಡಿ ಉದ್ದ, ಐದು ಅಡಿ ಅಗಲಕ್ಕೆ ನಿಲ್ಲುತ್ತದೆ. ತೂಕ ಒಂದೂವರೆ ಕಿಲೊ ಆಸುಪಾಸು.

ಹೊಸಬರು ಎಡವುವುದು ಇಲ್ಲಿ. ನಾಲ್ಕೂ ಪದರದ ಜೋಡು ನಟ್ಟನಡುವೆ ಒಂದರ ಮೇಲೊಂದು ಬಂದರೆ ಅಲ್ಲಿ ಗಟ್ಟಿ ಏಣು ಏಳುತ್ತದೆ, ನೆಲದ ಮೇಲೆ ಹಾಸಿದಾಗ ಸೊಂಟಕ್ಕೆ ಒತ್ತುತ್ತದೆ. ಒಳಗಿನ ಎರಡು ಪದರಕ್ಕೆ ಒಂದು ತುಂಡನ್ನು ಇಡಿಯಾಗಿ ನಡುವೆ ಇಟ್ಟು, ಇನ್ನೊಂದನ್ನು ಉದ್ದುದ್ದ ಸೀಳಿ ಎರಡೂ ತುದಿಗೆ ಹಾಕಿ. ಒಳಪದರದ ಜೋಡನ್ನು ಹೊಲಿಯಬೇಕಿಲ್ಲ, ಅರ್ಧ ಇಂಚು ಒಂದರ ಮೇಲೊಂದು ಹಾಸಿದರೆ ಸಾಕು.

ಹೊಲಿಗೆ

ಪದರಗಳನ್ನು ನೆಲದ ಮೇಲೆ ಬಿಗಿಯಾಗಿ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ನಡುವಿನಿಂದ ಅಂಚಿನ ಕಡೆಗೆ ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಟ್ಟರೆ ಮುಂದೆ ಪಶ್ಚಾತ್ತಾಪ ಖಂಡಿತ. ಕೌದಿಯನ್ನು ರೂಢಿಯಲ್ಲಿ ಅಂಚಿನಿಂದ ಸುತ್ತು ಸುತ್ತಾಗಿ ಒಳಗೆ ಹೊಲಿಯುತ್ತಾ ಹೋಗುತ್ತಾರೆ. ಕಚ್ಚಾ ಹೊಲಿಗೆ ಇಲ್ಲದಿದ್ದರೆ ಸಡಿಲೆಲ್ಲ ನಡುವಿಗೆ ತಳ್ಳಿಕೊಂಡು ಬಂದು ಕೊನೆಗೆ ಹೊಟ್ಟೆಯಂತೆ ಉಬ್ಬಿ ನಿಲ್ಲುತ್ತದೆ. ಆ ಉಬ್ಬು ಮಡಚಿ ಹೊಲಿದು ಮುಚ್ಚುವಂಥದ್ದಲ್ಲ, ಬಿಚ್ಚಲೇಬೇಕು.

ಮೇಲಿನ ಮತ್ತು ಕೆಳಗಿನ ಪದರದ ಅಂಚನ್ನು ಒಂದೊಂದು ಇಂಚು ಒಳಕ್ಕೆ ಮಡಚಿ ಮುಚ್ಚಿ. ಮೊದಲ ಎರಡು ಸುತ್ತು ಒತ್ತಾಗಿರಲಿ, ಹಿಂಡುವಾಗ ಎಳೆತವೆಲ್ಲ ಬೀಳುವುದು ಅಂಚಿಗೆ. ಆಮೇಲೆ ಸಾಲಿನಿಂದ ಸಾಲಿಗೆ ಒಂದೂವರೆ ಇಂಚು. ಹೊಲಿಗೆ ಗೋಧಿ ಕಾಳಿನಷ್ಟು ಉದ್ದವಿರಲಿ; ಉದ್ದವಾದರೆ ಕಾಲುಂಗುರ, ಗೆಜ್ಜೆ ಸಿಕ್ಕಿಕೊಂಡು ದಾರ ಹರಿಯುತ್ತದೆ. ಈ ಅಳತೆಯಲ್ಲಿ ಒಟ್ಟು ಹೊಲಿಗೆಯ ಉದ್ದ 85 ಮೀಟರ್ ದಾಟುತ್ತದೆ, ದಪ್ಪ ಹತ್ತಿ ದಾರ ಜೋಡಿ ಎಳೆಯಲ್ಲಿ 200 ಮೀಟರ್ ಇಟ್ಟುಕೊಳ್ಳಿ. ಸೂಜಿಗೆ ಒಮ್ಮೆಗೆ ಒಂದು ಕೈ ಉದ್ದಕ್ಕಿಂತ ಹೆಚ್ಚು ದಾರ ಪೋಣಿಸಿದರೆ ಗಂಟು ಬೀಳುತ್ತದೆ. ದಬ್ಬಣ ಬೇಡ, ಅದರ ತೂತು ಒಗೆದಂತೆಲ್ಲ ದೊಡ್ಡದಾಗುತ್ತದೆ.

ನಾಲ್ವರು ನಾಲ್ಕು ಬದಿಗೆ ಕೂತರೆ ಕೆಲಸ ಬೇಗ ಸಾಗುತ್ತದೆ. ಆದರೆ ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ. ಐದಾರು ಸುತ್ತಿಗೊಮ್ಮೆ ಜಾಗ ಬದಲಿಸಿಕೊಳ್ಳದಿದ್ದರೆ ಬಿಗಿ ಕೈಯವರ ಬದಿ ಸುಕ್ಕುಗಟ್ಟಿ ಕೌದಿ ಓರೆಯಾಗುತ್ತದೆ.

ಗಂಟುಗಳನ್ನು ಪದರದೊಳಗೆ ಎಳೆದು ಮುಚ್ಚಿ, ಉಳಿದ ತುದಿ ಕತ್ತರಿಸಿ. ಜೋತಾಡುವ ದಾರ ಎಳೆಗೂಸಿನ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಟವೇ ನಿಂತೀತು. ಕನ್ನಡಿ, ಮಣಿ, ಗುಂಡಿಗಳೂ ಇದೇ ಕಾರಣಕ್ಕೆ ಬೇಡ. ಚಂದ ಬೇಕೆನಿಸಿದರೆ ಸಿದ್ದಿ ಸಮುದಾಯದ ಹೆಂಗಸರಂತೆ ನಾಲ್ಕು ಮೂಲೆಗೂ ಬಣ್ಣದ ತ್ರಿಕೋನ ತುಂಡು ಮಡಚಿ ಹೊಲಿಯಿರಿ. ಬೇಗ ಸವೆಯುವ ಮೂಲೆಗೆ ಅದು ಬಲವನ್ನೂ ಕೊಡುತ್ತದೆ.

ಕಟ್ಟುವುದು, ಕೊಡುವುದು

ಮುಗಿದ ಕೌದಿಯನ್ನು ಒಗೆದು ಎರಡು ದಿನ ಎರಡೂ ಮಗ್ಗುಲು ಬಿಸಿಲಿಗೆ ಹಾಕಿ. ಬಿಸಿ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ. ಆರಿದಂತೆ ಒಳಗೆ ನೀರು ಬೆವರುತ್ತದೆ. ನೆರಳಲ್ಲಿ ತಣಿಸಿ, ಒಣಗಿದ ಬೇವಿನೆಲೆ ನಡುವೆ ಹಾಕಿ, ಹತ್ತು ಕೌದಿಗೆ ಒಂದು ಮೂಟೆ ಕಟ್ಟಿ. ಹದಿನೈದು ಕಿಲೊ ಒಬ್ಬರೇ ಹೊತ್ತು ಲಾರಿಯಿಂದ ಇಳಿಸಬಹುದಾದ ತೂಕ. ಒಳಗೊಂದು ಪ್ಲಾಸ್ಟಿಕ್ ಹಾಳೆ, ಹೊರಗೆ ಗೋಣಿ. ಮೇಲೆ ಮಾರ್ಕರ್‌ನಲ್ಲಿ ಎಣಿಕೆ, ಅಳತೆ, 'ಒಗೆದದ್ದು, ಹತ್ತಿ' ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಏನೂ ಬರೆಯದ ಮೂಟೆ ಹಳೆ ಬಟ್ಟೆಯ ರಾಶಿಗೆ ಸೇರಿಬಿಡುತ್ತದೆ, ಆ ರಾಶಿಯನ್ನು ಬಿಚ್ಚಿ ನೋಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಲಾರಿ ಹತ್ತಿಸುವ ಮೊದಲು ತಹಶೀಲ್ದಾರ್ ಕಚೇರಿಗೆ ಫೋನ್ ಮಾಡಿ ಯಾವ ಕೇಂದ್ರದಲ್ಲಿ ಎಷ್ಟು ಕುಟುಂಬ, ಹೊದಿಕೆ ಈಗಾಗಲೇ ಬಂದಿದೆಯೇ ಎಂದು ಕೇಳಿ. ನೂರು ಕುಟುಂಬವಿರುವ ಕಡೆ ಅರವತ್ತು ಕೌದಿ ಒಯ್ದರೆ ಜಗಳ ತಂದಿಟ್ಟಂತೆ. ಅದರ ಬದಲು ಐವತ್ತು ಕುಟುಂಬದ ಇನ್ನೊಂದು ಕೇಂದ್ರ ಹುಡುಕಿ. ಮಿಕ್ಕ ಹತ್ತನ್ನು ಕೇಂದ್ರದ ಉಸ್ತುವಾರಿಯವರ ಕೈಗೆ ಕೊಟ್ಟು ಬರೆಸಿಕೊಳ್ಳಿ. ಮರುದಿನ ದೋಣಿಯಲ್ಲಿ ಬರುವವರಿಗೆ ಬೇಕಾಗುತ್ತವೆ.