ಹೊಳೆಯೊಳಗಿನ ಪಾದೆಯ ಬದಿಯಲ್ಲಿ ಗಾಳ ಹಾಕುವ ಕ್ರಮ

ಕಾಸರಗೋಡಿನ ಪಯಸ್ವಿನಿ ಹೊಳೆಯಲ್ಲಿ ಗಾಳ ಹಾಕುವವರ ಕೊಕ್ಕೆಗಳಲ್ಲಿ ಹೆಚ್ಚಿನವು ಹೋಗಿ ಸೇರುವುದು ಪಾದೆಯ, ಅಂದರೆ ಬಂಡೆಯ, ಸೀಳಿಗೆ. ನೀರು ಉಕ್ಕಿದಂತೆ ಕಾಣುವ ಜಾಗದಲ್ಲೇ ಪಾದೆ ಇದೆ ಎಂದು ಲೆಕ್ಕ ಹಾಕುವುದು ಇದಕ್ಕೆ ಮುಖ್ಯ ಕಾರಣ. ಹರಿಯುವ ನೀರು ಪಾದೆಗೆ ಬಡಿದು ಮೇಲೇರುವಷ್ಟರಲ್ಲಿ ಸೆಳೆತ ಅದನ್ನು ಮುಂದಕ್ಕೆ ಒಯ್ದಿರುತ್ತದೆ. ಹಾಗಾಗಿ ಪಾದೆ ಇರುವುದು ಉಬ್ಬಿಗಿಂತ ಮೇಲೆ, ನೀರು ಬರುವ ಕಡೆಗೆ. ಪಾದೆಯ ನೆತ್ತಿ ಆಳದಲ್ಲಿದ್ದಷ್ಟೂ, ಸೆಳೆತ ಜೋರಾದಷ್ಟೂ ಈ ಅಂತರ ಹೆಚ್ಚು. ಉಬ್ಬಿಗೇ ಗುರಿಯಿಟ್ಟು ಮೇಲಿನಿಂದ ಎಸೆದರೆ ದಾರ ಪಾದೆಯ ಬೆನ್ನಿನ ಮೇಲೆ ಮಲಗುತ್ತದೆ. ಆಮೇಲೆ ಎಳೆದದ್ದೆಲ್ಲ ಸೀಳಿನೊಳಕ್ಕೇ.

ಆದೂರಿನ ಆಸುಪಾಸಿನಂಥ ಸಿಹಿನೀರಿನ ಭಾಗಗಳಲ್ಲಿ ಮಳೆ ಪೂರ್ತಿ ಬಿಟ್ಟು ನೀರು ತಿಳಿಯಾದ ಮೇಲೆ, ಡಿಸೆಂಬರಿನಿಂದ ಫೆಬ್ರವರಿವರೆಗೆ, ಪಾದೆಗಳನ್ನು ಗುರುತಿಸುವುದು ಸುಲಭ. ಕಟ್ಟ (ನೀರು ನಿಲ್ಲಿಸುವ ಅಡ್ಡಗಟ್ಟೆ) ಹಾಕುವ ಕಡೆಗಳಲ್ಲಿ ಕಟ್ಟ ಬೀಳುವ ಮೊದಲೇ ಹೋಗಿ ನೋಡಿಡಿ. ನೀರು ನಿಂತ ಮೇಲೆ ಉಬ್ಬು ಕಾಣುವುದಿಲ್ಲ, ಪಾದೆ ಮಾತ್ರ ಅಲ್ಲೇ ಇರುತ್ತದೆ. ಆಳ ತಿಳಿಯಲು ಕೊಕ್ಕೆ ಕಟ್ಟದೆ ಬರೀ ಭಾರ ಎಸೆದು, ದಾರ ಸಡಿಲಾಗುವವರೆಗೆ ಎಣಿಸಿ. ಒಂದು ಕಡೆ ಆರರವರೆಗೆ ಎಣಿಸಿ, ಪಕ್ಕದಲ್ಲೇ ಮೂರಕ್ಕೆ ಸಡಿಲಾದರೆ ನಡುವೆ ಪಾದೆಯ ಅಂಚು ಇದೆ. ಕಯದ (ಹೊಳೆಯ ಆಳದ ಗುಂಡಿಯ) ಸುತ್ತ ಹೀಗೆ ಏಳೆಂಟು ಎಸೆತ ಹಾಕಿದರೆ ತಳದ ಚಿತ್ರ ಸಿಗುತ್ತದೆ.

ಮೀನು ನಿಲ್ಲುವುದು ಮೂರು ಕಡೆ. ಪಾದೆಯ ಮುಂದೆ ನೀರು ತಡೆದು ನಿಧಾನವಾಗುವ ಒಂದೆರಡು ಅಡಿ ಜಾಗ ಒಂದು. ಎರಡೂ ಪಕ್ಕಗಳಲ್ಲಿ ಜೋರು ನೀರೂ ನಿಧಾನದ ನೀರೂ ತಾಗುವ ಗೆರೆ ಇನ್ನೊಂದು. ತರಗೆಲೆ, ನೊರೆ ಸಾಲಾಗಿ ಹೋಗುವುದು ಅಲ್ಲೇ. ಮೂರನೆಯದು ಹಿಂದಿನ ಸುಳಿ. ಎಲ್ಲರೂ ಸುಳಿಗೆ ಎಸೆಯುತ್ತಾರೆ, ಆದರೆ ತಿನ್ನಲು ಹೊರಟ ಮೀನು ಹೆಚ್ಚಾಗಿ ಮುಂದಿನ ಜಾಗದಲ್ಲೋ ಗೆರೆಯಲ್ಲೋ ಇರುತ್ತದೆ. ಮೊದಲ ಎಸೆತ ಅಲ್ಲಿಗೇ ಇರಲಿ. ಪಾದೆಯ ನೇರಕ್ಕೆ, ಇಲ್ಲವೇ ಸ್ವಲ್ಪ ಕೆಳಗೆ ನಿಂತು ಓರೆಯಾಗಿ ಮೇಲಕ್ಕೆ ಎಸೆಯಿರಿ. ಎರೆ (ಕೊಕ್ಕೆಗೆ ಸಿಕ್ಕಿಸಿದ ತಿನಿಸು) ನೀರಿನೊಂದಿಗೆ ಇಳಿದು ಬರುವಾಗ ಸಡಿಲಾದ ದಾರವನ್ನಷ್ಟೇ ಸುತ್ತಿಕೊಳ್ಳಿ. ಅದು ಪಾದೆಗೆ ಒಂದು ಮೊಳ ದೂರದಲ್ಲಿ ಹಾದುಹೋದರೆ ಸಾಕು.

ಕಟ್ಟುವ ಕ್ರಮದಲ್ಲಿ ಒಂದು ವಿಷಯ ತಪ್ಪಿಸಬೇಡಿ: ಭಾರದ ದಾರ ಎಲ್ಲಕ್ಕಿಂತ ತೆಳುವಾಗಿರಬೇಕು. ಮುಖ್ಯ ದಾರ 0.35 ಮಿ.ಮೀ. ನೈಲಾನ್. ಅದರ ತುದಿಗೆ ಮೂರು ಬಳೆಯ ಸ್ವಿವೆಲ್, ಅಂದರೆ ದಾರ ಹುರಿಗೊಳ್ಳದಂತೆ ತಿರುಗುವ ಕೊಂಡಿ. ಒಂದು ಬಳೆಗೆ 0.30 ಮಿ.ಮೀ. ದಾರ ಅರ್ಧ ಮೀಟರ್, ಅದರ ತುದಿಯಲ್ಲಿ ಕೊಕ್ಕೆ. ಇನ್ನೊಂದಕ್ಕೆ 0.20 ಮಿ.ಮೀ. ದಾರ ಒಂದು ಗೇಣು, ಅದರಲ್ಲಿ 15ರಿಂದ 25 ಗ್ರಾಂ ಭಾರ. ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಭಾರವೇ. ಎಳೆದಾಗ ತೆಳು ದಾರ ಹರಿದು ಭಾರ ಮಾತ್ರ ಹೋಗುತ್ತದೆ, ಕೊಕ್ಕೆಯೂ ಮೀನೂ ಉಳಿಯುತ್ತವೆ. ಹೇಗೂ ಕಳೆದುಹೋಗುವ ಭಾರ ಸೀಸದ್ದು ಬೇಡ. ಉರುಟು ಹೊಳೆಕಲ್ಲನ್ನು ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿದರೆ ಆಯಿತು. ಹಳೆಯ ನಟ್ಟು ಕಟ್ಟುವವರಿದ್ದಾರೆ, ಅದರ ಮೂಲೆಗಳು ಸೀಳಿನಲ್ಲಿ ಬೇಗ ಕಚ್ಚಿಕೊಳ್ಳುತ್ತವೆ.

ಹೆಣೆದ ದಾರ ಎಷ್ಟೇ ಗಟ್ಟಿಯಾದರೂ ಬಿಗಿಯಾಗಿದ್ದಾಗ ಕಲ್ಲಿಗೆ ಉಜ್ಜಿದರೆ ಥಟ್ಟನೆ ತುಂಡಾಗುತ್ತದೆ. ಅದನ್ನೇ ಬಳಸುವುದಾದರೆ ತುದಿಗೆ ಒಂದೂವರೆ ಮೀಟರ್ ದಪ್ಪ ನೈಲಾನ್ ಸೇರಿಸಿ. ನೈಲಾನಾದರೂ ಐದಾರು ಎಸೆತಕ್ಕೊಮ್ಮೆ ಕೊನೆಯ ಒಂದು ಮೀಟರನ್ನು ಉಗುರಿನ ನಡುವೆ ಎಳೆದು ನೋಡಿ. ಉಗುರಿಗೆ ತರಿ ಸಿಕ್ಕಿದರೆ ಅಷ್ಟನ್ನೂ ಕತ್ತರಿಸಿ ಹೊಸದಾಗಿ ಕಟ್ಟಿ. ದೊಡ್ಡ ಮೀನು ತಪ್ಪುವುದು ಬಹಳ ಸಲ ಈ ಸೋಮಾರಿತನದಿಂದಲೇ.

ಕೊಕ್ಕೆ ಸಿಕ್ಕಿಕೊಂಡರೆ ಬಲ ಹಾಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಮೊದಲು ದಾರವನ್ನು ಎರಡು ಮಾರು ಸಡಿಲ ಬಿಡಿ. ನೀರು ಅದನ್ನು ಕೆಳಕ್ಕೆ ಕಮಾನಿನಂತೆ ಒಯ್ದು, ಸಿಕ್ಕಿದ ದಿಕ್ಕಿಗೆ ವಿರುದ್ಧವಾಗಿ ಎಳೆಯುತ್ತದೆ. ಬಿಡದಿದ್ದರೆ ದಡದಲ್ಲೇ ಮೇಲಕ್ಕೋ ಕೆಳಕ್ಕೋ ನಡೆದು ಕೋನ ಬದಲಿಸಿ. ಕೊನೆಗೆ ಹರಿಯಲೇಬೇಕಾದರೆ ದಾರವನ್ನು ಕೈಗೆ ಸುತ್ತಬೇಡಿ, ಮಾಂಸ ಕೊಯ್ಯುತ್ತದೆ. ಒಂದು ಕೋಲಿಗೆ ಸುತ್ತಿ ಎಳೆಯಿರಿ.

ಪಯಸ್ವಿನಿ ಮುಂದೆ ಚಂದ್ರಗಿರಿಯಾಗಿ ಸಮುದ್ರ ಸೇರುತ್ತದೆ. ಉಪ್ಪುನೀರು ತಡೆಯಲು ಬಾವಿಕ್ಕೆರೆಯಲ್ಲಿ ಕಟ್ಟಿದ ರೆಗ್ಯುಲೇಟರಿನಿಂದ ಕೆಳಗೆ ಚಂದ್ರಗಿರಿ ಉಪ್ಪುನೀರಿನ ಹೊಳೆ, ಅಲ್ಲಿ ಲೆಕ್ಕವೇ ಬೇರೆ. ಸೆಳೆತದ ದಿಕ್ಕು ಉಬ್ಬರ ಇಳಿತಕ್ಕೆ ತಿರುಗುವುದರಿಂದ ಪಾದೆಯ ಮುಂದೂ ಹಿಂದೂ ಅದಲುಬದಲಾಗುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಉಬ್ಬರದ ಕೊನೆಯ ಗಂಟೆ, ಇಳಿತದ ಮೊದಲ ಗಂಟೆ ಒಳ್ಳೆಯದು. ಪಾದೆಯ ಪೊಟರೆಯಲ್ಲಿ ಕೂರುವ ಚೆಂಬಲ್ಲಿ ಮೀನು ಎರೆ ಹಿಡಿದ ಕೂಡಲೇ ತಿರುಗಿ ಪೊಟರೆಗೇ ಓಡುತ್ತದೆ. ಮೊದಲ ಎರಡು ಮೂರು ಸೆಕೆಂಡಿನಲ್ಲಿ ಅದನ್ನು ತಿರುಗಿಸದಿದ್ದರೆ ದಾರ ಕಲ್ಲಿಗೆ ಹೋಯಿತೆಂದೇ ಅರ್ಥ. ಅದಕ್ಕೆ ಡ್ರ್ಯಾಗ್ (ದಾರ ಬಿಚ್ಚಿಕೊಳ್ಳದಂತೆ ತಡೆಯುವ ರೀಲಿನ ಬಿಗಿತ) ಬಿಗಿ ಇರಲಿ, ಕೊಕ್ಕೆಯ ದಾರ 0.60 ಮಿ.ಮೀ. ಇರಲಿ, ಗಾಳದ ಕಡ್ಡಿ ಕೈಯಲ್ಲೇ ಇರಲಿ. ಊರಿಟ್ಟು ಬೀಡಿ ಹಚ್ಚುವಂತಿಲ್ಲ. 2/0 ಕೊಕ್ಕೆಗೆ ಜೀವಂತ ಸಿಗಡಿ ಹಾಕುವಾಗ ತಲೆಯೊಳಗೆ ಕಾಣುವ ಕಪ್ಪು ಕಲೆಯನ್ನು ತಪ್ಪಿಸಿ, ಅದರ ಮುಂದೆ ಕೊಂಬಿನ ಬುಡದಲ್ಲಿ ಚುಚ್ಚಿ. ಕಲೆಗೆ ತಾಗಿದರೆ ಸಿಗಡಿ ಆಗಲೇ ಸಾಯುತ್ತದೆ.

ಕರಿಮೀನು ಪಾದೆಯ ಪಾಚಿ ಮೇಯುವ ಮೀನು, ಬಾಯಿ ಚಿಕ್ಕದು. 8 ಅಥವಾ 10ನೇ ನಂಬರಿನ ಕೊಕ್ಕೆ, ಕಡಲೆಕಾಳಿನಷ್ಟು ಹಿಟ್ಟಿನ ಉಂಡೆ, ಹಗುರ ತೇಲುಬೆಂಡು ಸಾಕು. ಜೋಡಿ ಮೀನು ಒಂದೇ ಕಲ್ಲಿನ ಮೇಲೆ ಕದಲದೆ ನಿಂತಿದ್ದರೆ ಅಲ್ಲಿ ಮೊಟ್ಟೆ ಅಂಟಿಸಿವೆ, ಆ ಕಲ್ಲನ್ನು ಬಿಟ್ಟುಬಿಡಿ. ಮುಂಗಾರಿನ ಮೊದಲ ನೀರಿಗೆ ಹೊಳೆ ಹತ್ತುವ ಮೀನಿನ ಬೇಟೆಯೂ, ತೋಟೆ (ಸಿಡಿಮದ್ದು), ವಿಷ, ಕರೆಂಟು ಹಾಕಿ ಹಿಡಿಯುವುದೂ ಕೇರಳದಲ್ಲಿ ನಿಷಿದ್ಧ.

ಪಾಚಿ ಹಿಡಿದ ಪಾದೆಯ ಮೇಲೆ ರಬ್ಬರ್ ಚಪ್ಪಲಿ ಜಾರುತ್ತದೆ. ಇಲ್ಲಿ ಬಿಸಿಲಿದ್ದರೂ ಹೊಳೆ ಹರಿದು ಬರುವ ಸುಳ್ಯದ ಕಡೆ ಮಳೆ ಸುರಿದಿರಬಹುದು. ನೀರಿನ ಬಣ್ಣ ಬದಲಾಗಿ ತರಗೆಲೆ ತೇಲಿಬರಲು ಶುರುವಾದರೆ ಗಾಳ ಸಿಕ್ಕಿಕೊಂಡಿದ್ದರೂ ಕತ್ತರಿಸಿ ದಡಕ್ಕೆ ಬನ್ನಿ. ಉಪ್ಪುನೀರಿಗೆ ಹೋದ ದಿನ ರಾತ್ರಿಯೇ ರೀಲನ್ನು ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು, ಡ್ರ್ಯಾಗ್ ಸಡಿಲ ಮಾಡಿ, ನೆರಳಿನಲ್ಲಿ ಒಣಗಲು ಬಿಡಿ.