ಉಸುಕಿನ ಹಿತ್ತಲು, ಹೂವಿನ ಮಡಿ

ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೇ ಸುರಿದು ಮುಗಿಯುತ್ತದೆ. ಶಿವರಾತ್ರಿ ಕಳೆಯಿತೆಂದರೆ ಕಡಲಂಚಿನ ನಮ್ಮ ಹಿತ್ತಲಿನ ಅಬ್ಬಲಿಗೆ, ದಾಸವಾಳ, ಗೊಂಡೆ ಎಲ್ಲಕ್ಕೂ ಬಾವಿಯೇ ಗತಿ.

ಶಿರಸಿಯ ನೆಂಟರು ಬಂದಾಗಲೆಲ್ಲ, ವಾರಕ್ಕೆ ಎರಡು ಸಲ ಧಾರಾಳವಾಗಿ ನೀರುಣಿಸು, ಬೇರು ಆಳಕ್ಕಿಳಿಯುತ್ತದೆ ಎನ್ನುತ್ತಾರೆ. ಘಟ್ಟದ ಮೇಲಿನ ಕೆಂಪು ಮಣ್ಣಿಗೆ ಅದು ತಕ್ಕ ಮಾತು. ಇಲ್ಲಿಯ ಉಸುಕಿಗೆ ಒಗ್ಗುವುದಿಲ್ಲ. ನಂಬಿಕೆ ಬಾರದಿದ್ದರೆ ಪೈಪಿನಲ್ಲಿ ನೀರು ಬಿಟ್ಟು, ಅರ್ಧ ಗಂಟೆಯ ನಂತರ ಮಡಿಯ ಅಂಚನ್ನು ಕುರ್ಪಿಯಿಂದ ಸೀಳಿ ನೋಡಿ. ನೀರು ಬಿದ್ದಲ್ಲಿ ಒದ್ದೆ ಉಸುಕು ಕಂಬದ ಹಾಗೆ ನೆಟ್ಟಗೆ ಕೆಳಗಿಳಿದಿರುತ್ತದೆ. ಒಂದು ಗೇಣು ಪಕ್ಕಕ್ಕೆ ಸರಿದರೆ ಬೆರಳ ಸಂದಿಯಿಂದ ಜಾರುವ ಒಣ ಉಸುಕು. ಬೇರು ದಾಟಿ ಇಳಿದ ಆ ನೀರು ಗಿಡದ ಪಾಲಿಗಿಲ್ಲ.

ಹಾಗಾಗಿ ನಾನು ಮೊದಲು ಕೈಹಾಕಿದ್ದು ಉಸುಕನ್ನು ಸರಿಪಡಿಸುವುದಕ್ಕೆ. ಮೇಲಿನ ಒಂದು ಅಡಿಗೆ ಹಳೆಯ ಸಗಣಿ ಗೊಬ್ಬರವನ್ನೂ ತೆಂಗಿನ ನಾರಿನ ಪುಡಿಯನ್ನೂ ಬೆರೆಸಿದೆ. ಹಿನ್ನೀರಿನಲ್ಲಿ ನೆನೆಹಾಕಿದ ಸಿಪ್ಪೆಯ ಪುಡಿಯಾದರೆ ಅದರಲ್ಲಿ ಉಪ್ಪಿರುತ್ತದೆ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯದೆ ಬಳಸಬಾರದು. ಮಡಿಯ ಮೇಲೆ ಗಾಳಿಮರದ ಉದುರೆಲೆಯನ್ನು ಮೂರು ಬೆರಳು ದಪ್ಪಕ್ಕೆ ಹರಡುತ್ತೇನೆ, ಕಾಂಡಕ್ಕೆ ತಾಗದಂತೆ. ನನ್ನ ಕಣ್ಣಿಗೆ ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ನೀರು ಉಳಿಸುವುದು ಈ ಹೊದಿಕೆಯೇ, ಅದೂ ಪುಕ್ಕಟೆ.

ಇನ್ನು ನೀರಿನ ಅಳತೆ. ಒಂದು ಚದರ ಮೀಟರ್ ಮೇಲೆ ಒಂದು ಲೀಟರ್ ಸುರಿದರೆ ಅದು ಒಂದು ಮಿಲಿಮೀಟರ್ ಮಳೆಗೆ ಸಮ. ಏಪ್ರಿಲ್ ಬಿಸಿಲಿನಲ್ಲೂ ಚದರ ಮೀಟರಿಗೆ ದಿನಕ್ಕೆ 4–5 ಲೀಟರ್ ಕೊಟ್ಟರೆ ನಮ್ಮ ಗಿಡಗಳು ನಳನಳಿಸುತ್ತವೆ. ಅದನ್ನೂ ಒಮ್ಮೆಲೇ ಸುರಿಯದೆ ಹನಿಹನಿಯಾಗಿ ಕೊಡುತ್ತೇನೆ. ಚಿರೆಕಲ್ಲಿನ ಕಟ್ಟೆಯ ಮೇಲೆ 200 ಲೀಟರಿನ ಡ್ರಮ್ಮು, ಅದರ ಬಾಯಲ್ಲಿ ಫಿಲ್ಟರ್, ಅಲ್ಲಿಂದ ಮಡಿಗಳಿಗೆ ಪೈಪು, ಪೈಪಿಗೆ ನೀರು ಹನಿಸುವ ಡ್ರಿಪ್ಪರುಗಳು. ಉಸುಕಿನಲ್ಲಿ ನೀರು ಅಡ್ಡಕ್ಕೆ ಹರಡದ ಕಾರಣ ಡ್ರಿಪ್ಪರುಗಳ ನಡುವೆ ಒಂದು ಅಡಿಗಿಂತ ಹೆಚ್ಚು ಅಂತರ ಬೇಡ. ಅಂಗಡಿಯವರು ಒತ್ತಡ ಸರಿದೂಗಿಸುವ, ಅಂದರೆ ನೀರಿನ ಒತ್ತಡ ಹೆಚ್ಚುಕಡಿಮೆಯಾದರೂ ಒಂದೇ ಸಮ ಹನಿಸುವ, ದುಬಾರಿ ಡ್ರಿಪ್ಪರ್ ತೋರಿಸುತ್ತಾರೆ. ಒಂದು ಮೀಟರ್ ಎತ್ತರದ ಡ್ರಮ್ಮಿನ ಒತ್ತಡಕ್ಕೆ ಅವು ಸರಿಯಾಗಿ ಕೆಲಸ ಮಾಡುವುದಿಲ್ಲ. ಬಿಚ್ಚಿ ತೊಳೆಯಬಹುದಾದ ಸಾದಾ ಡ್ರಿಪ್ಪರ್ ಸಾಕು. ಪೈಪನ್ನು ಉದ್ದ ಎಳೆಯದಿದ್ದರೆ ಕೊನೆಯ ಗಿಡಕ್ಕೂ ನೀರು ಮುಟ್ಟುತ್ತದೆ.

ಕರಾವಳಿಯವರು ಮರೆಯಬಾರದ್ದು ಉಪ್ಪು. ಬೇಸಿಗೆ ಏರಿದಂತೆ ಕಡಲ ಬದಿಯ ಬಾವಿಗಳು ಸವಳಾಗುತ್ತವೆ. ಪಂಪನ್ನು ಒಂದೇ ಸಮನೆ ಓಡಿಸಿದರೆ ತಳದ ಉಪ್ಪುನೀರು ಮೇಲೇರುತ್ತದೆ. ಅದಕ್ಕೇ ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎತ್ತಿ ಡ್ರಮ್ಮು ತುಂಬಿಸುತ್ತೇನೆ. ಸವಳು ನೀರನ್ನು ಎಲೆಯ ಮೇಲೆ ಚಿಮುಕಿಸಿದರೆ ದಾಸವಾಳದ ಎಲೆಯಂಚು ಕಂದುಬಣ್ಣಕ್ಕೆ ತಿರುಗಿ ಕರಟುತ್ತದೆ. ಬುಡಕ್ಕೆ ಮಾತ್ರ ಕೊಡಬೇಕು. ನೀರು ತೀರಾ ಸವಳಾದಾಗ ಅಕ್ಕಿ, ತರಕಾರಿ ತೊಳೆದ ನೀರನ್ನೆಲ್ಲ ಅಬ್ಬಲಿಗೆಗೆ ಮೀಸಲಿಡುತ್ತೇನೆ. ಮೊದಲ ದೊಡ್ಡ ಮಳೆ ಮಡಿಯ ಉಪ್ಪನ್ನು ತೊಳೆದ ಮೇಲೆ ಡ್ರಿಪ್ಪರುಗಳನ್ನು ಬಿಚ್ಚಿ, ಪೈಪು ಸುತ್ತಿ ಅಟ್ಟಕ್ಕೆ ಹಾಕುತ್ತೇನೆ.