ದನ ಎಣಿಸಿ ಗೋಮಾಳ ಉಳಿಸಿಕೊಂಡೆವು

ಮಧುಗಿರಿ ತಾಲ್ಲೂಕಿನ ನಮ್ಮೂರ ಗೋಮಾಳ ಸೋಲಾರ್‌ನವರ ಪಾಲಾಗುತ್ತದಂತೆ ಎಂಬ ಸುದ್ದಿ ಹಬ್ಬಿದಾಗ, ಊರ ಹುಡುಗರು ಸುತ್ತ ಬೇಲಿ ಹಾಕಿ ಗಿಡ ನೆಡೋಣ ಎಂದರು. ನಾನು ಬೇಡ ಎಂದೆ. ಗಿಡ ನೆಟ್ಟರೆ ಫೋಟೋ ಚೆನ್ನಾಗಿ ಬರುತ್ತದೆ, ಆದರೆ ಜಮೀನು ಕೈತಪ್ಪೋದು ಕಾಗದದಲ್ಲಿ ಅಲ್ವಾ?

ಮೊದಲು ಪಹಣಿ, ಸರ್ವೆ ನಂಬರಿನ ಮೂಲ ವಿಸ್ತೀರ್ಣ ಬರೆದಿರುವ ಆಕಾರಬಂದ್, ಗ್ರಾಮ ನಕ್ಷೆ ತೆಗೆಸಿದೆವು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ, ವಿಸ್ತೀರ್ಣ ಎಲ್ಲಿ ಕಮ್ಮಿಯಾಗಿದೆ ಎಂದು ಗೊತ್ತಾಗುತ್ತದೆ. ಆಮೇಲೆ ಸರ್ವೆ ಮಾಡಿಸಿ ಗಡಿಗೆ ಕಲ್ಲು ಹಾಕಿಸಿದೆವು.

ನಿಜವಾದ ಕೆಲಸ ದನದ ಲೆಕ್ಕದ್ದು. 1966ರ ಕರ್ನಾಟಕ ಭೂ ಕಂದಾಯ ನಿಯಮಗಳಲ್ಲಿ 97ನೇ ನಿಯಮ ಓದಿ. ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಹೆಚ್ಚುವರಿ ಎಂದು ಬೇರೆ ಕೆಲಸಕ್ಕೆ ಕೊಡಲು ದಾರಿಯಾಗುತ್ತದೆ. ಹಾಗಾಗಿ ದನ ಕಮ್ಮಿ ಬರೆದಷ್ಟೂ ಗೋಮಾಳ ಕರಗುತ್ತದೆ. ನಮ್ಮ ಗೋಮಾಳದ ಫೈಲಿನಲ್ಲಿದ್ದ ದನದ ಸಂಖ್ಯೆ ನೋಡಿ ನಗು ಬಂತು, ಅಷ್ಟು ದನ ನಮ್ಮ ಒಂದು ಬೀದಿಯಲ್ಲೇ ಇದ್ದವು! ಪಶು ಆಸ್ಪತ್ರೆಯ ಜಾನುವಾರು ಗಣತಿ, ಡೈರಿಗೆ ಹಾಲು ಹಾಕುವವರ ಪಟ್ಟಿ ಎರಡನ್ನೂ ಹಿಡಿದು ಮನೆಮನೆ ಸುತ್ತಿ, ದನಗಳ ಕಿವಿಯೋಲೆ ನಂಬರ್ ಬರೆದುಕೊಂಡೆವು. "ಯಾಕಪ್ಪಾ, ದನಕ್ಕೂ ಕಂದಾಯ ಹಾಕ್ತಾರಾ?" ಎಂದು ಒಬ್ಬ ಅಜ್ಜಿ ಹಸುವನ್ನು ಹಿತ್ತಲಿಗೆ ಅಟ್ಟಿಬಿಟ್ಟರು. ಆಮೇಲೆ ವಿಷಯ ತಿಳಿದು, ತಮ್ಮ ಮಗಳ ಮನೆಯ ಎಮ್ಮೆಯನ್ನೂ ಸೇರಿಸಿಕೋ ಎಂದರು.

ಆ ಪಟ್ಟಿಯೊಂದಿಗೆ ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ, ತಹಶೀಲ್ದಾರ್‌ಗೂ ಜಿಲ್ಲಾಧಿಕಾರಿಗೂ ಅರ್ಜಿ ಕೊಟ್ಟೆವು. ಊರ ಸಾಮೂಹಿಕ ಜಮೀನು ಒತ್ತುವರಿ ತೆರವು ಮಾಡಬೇಕೆಂದು ರಾಜ್ಯಗಳಿಗೆ ಹೇಳಿದ, 2011ರ ಜಗಪಾಲ್ ಸಿಂಗ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನ ಪ್ರತಿಯನ್ನೂ ಲಗತ್ತಿಸಿದೆವು. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಎದ್ದು ಬರಬೇಡಿ.

ನಮ್ಮ ತಾಲ್ಲೂಕಿನಲ್ಲೇ ಮೈದೇನಹಳ್ಳಿ ಬಳಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇದೆ, 2007ರಲ್ಲಿ ಘೋಷಣೆಯಾದದ್ದು, 798 ಎಕರೆ. ನಮ್ಮದನ್ನೂ ಹಾಗೇ ಮಾಡಿಸೋಣ ಎಂದವರಿದ್ದರು. ಕೃಷ್ಣಮೃಗಕ್ಕೆ ಅದು ಸರಿ. ಆದರೆ ಅರಣ್ಯ ಇಲಾಖೆಗೆ ಕೊಟ್ಟ ಮೇಲೆ ನಮ್ಮ ಕುರಿ ಬಿಡೋಕೆ ಯಾರನ್ನು ಕೇಳಬೇಕು? ಅದಕ್ಕೇ ಒಪ್ಪಲಿಲ್ಲ.

ಸೋಲಾರ್ ಮಾತು ಸದ್ಯಕ್ಕೆ ನಿಂತಿದೆ. ಮಳೆ ಶುರುವಾದಾಗಿನಿಂದ ಹುಲ್ಲು ಬೀಜ ಕಟ್ಟುವವರೆಗೆ ಒಂದು ಭಾಗಕ್ಕೆ ದನ, ಕುರಿ ಬಿಡುವುದಿಲ್ಲ, ಇದು ಕುರಿಯವರೇ ಮಾಡಿಕೊಂಡ ಕಟ್ಟುಪಾಡು. ಪಹಣಿಯನ್ನು ಮಾತ್ರ ಪ್ರತಿ ವರ್ಷ ತೆಗೆದು ನೋಡುತ್ತೇವೆ.